ಮೊದಲೇ ಬೆಂದ ಮಾಂಸ

ಸೆಪ್ಟೆಂಬರ್ ಹನ್ನೊಂದು, ಬೆಳಿಗ್ಗೆ. ಬಿಷ್ಕೆಕ್‌ನ ಒಂದು ಪೊಲೀಸ್ ಠಾಣೆಗೆ ಬಂದ ಐಸಾಲ್ಕಿನ್ ಕೂರಲು ಒಪ್ಪಲಿಲ್ಲ. ಕೂತರೆ ಕಾಯಿಸುತ್ತಾರೆಂಬುದು ಅವಳಿಗೆ ಚೆನ್ನಾಗಿ ಮನದಟ್ಟಾಗಿತ್ತು. ಮನೆ ಬಾಡಿಗೆ ದಲ್ಲಾಳಿಗಳ ಸಂಘದವರು, ನಿಮ್ಮಿಂದ ಹಣ ಪಡೆದ ಆ ಮನುಷ್ಯ ನಮ್ಮ ಸದಸ್ಯನೇ ಅಲ್ಲ ಎಂದಿದ್ದರು. ಗ್ರಾಹಕರ ಕಚೇರಿಯವರು, ಇದು ಮೋಸ, ಪೊಲೀಸರ ಹತ್ತಿರ ಹೋಗಿ ಎಂದಿದ್ದರು. ಇದೇ ಠಾಣೆಯ ಬಾಗಿಲ ಬಳಿಯ ಮೇಜಿನವನು, ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ ಎಂದು ನಿನ್ನೆ ಸಾಗಹಾಕಿದ್ದ. ದೂರು ತಂದವರನ್ನು ಚೆಂಡಿನಂತೆ ಅತ್ತಿತ್ತ ಎಸೆಯುವುದರಲ್ಲಿ ನಮ್ಮೂರಿನ ಕಚೇರಿಗಳನ್ನು ಮೀರಿಸುವವರಿಲ್ಲ.

"ಕೂತ್ಕೊಳ್ಳಿ, ಎಜೆ," ಎಂದರು ಇನ್ಸ್‌ಪೆಕ್ಟರ್ ತೊಕ್ತೊಸುನ್.

ಅಕ್ಕಾ ಎಂದು ಕರೆಸಿಕೊಂಡ ಮೇಲೆ ಅವಳು ಕೂತಳು.

"ದಲ್ಲಾಳಿ ಹೆಸರು?"

"ಎರ್ಕಿನ್ ಅಂದಿದ್ದ. ಈಗ ಫೋನೇ ಎತ್ತಲ್ಲ."

"ಎಲ್ಲಿ ಭೇಟಿ?"

"ಬಜಾರಿನ ಚಹಾದಂಗಡೀಲಿ. ವರ್ಷದ ಬಾಡಿಗೆ ಮುಂಗಡ ತಗೊಂಡು ಬೀಗದ ಕೈ ಕೊಟ್ಟ. ಹೊಲಿಗೆ ಹೊಲಿದು ಕೂಡಿಟ್ಟಿದ್ದೆಲ್ಲ ಹೋಯ್ತು. ಮೊನ್ನೆ ಮನೆ ಮಾಲೀಕ ಮಾಸ್ಕೋದಿಂದ ಬಂದು, ನೀನ್ಯಾರು ಅಂತಾನೆ! ಶುಕ್ರವಾರದೊಳಗೆ ಖಾಲಿ ಮಾಡ್ಬೇಕಂತೆ. ಎರಡು ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಕಾನ್‌ಸ್ಟೇಬಲ್ ಚಿನಾರಾ ಜೊತೆ ಇನ್ಸ್‌ಪೆಕ್ಟರ್ ಆ ಮನೆಗೆ ಹೋಗಿ ಪಂಚನಾಮೆ ಮಾಡಿದರು. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ತೊಕ್ತೊಸುನ್‌ಗೆ ಮೊದಲು ಅನುಮಾನ ಬಂದದ್ದು ಮಾಲೀಕನ ಮೇಲೆಯೇ. ಆದರೆ ಅಷ್ಟೂ ದಿನ ಅವನು ಮಾಸ್ಕೋದಲ್ಲೇ ಇದ್ದನೆಂದು ಪಾಸ್‌ಪೋರ್ಟಿನ ಮುದ್ರೆಗಳು ಹೇಳುತ್ತಿದ್ದವು.

"ಇನ್ನೊಂದು ಬೀಗದ ಕೈ ಯಾರ ಹತ್ರ ಇದೆ?"

"ಪಕ್ಕದ ಮನೆ ಕಲ್‌ಬೂಬೂ ಅಪಾ ಹತ್ರ, ಗಿಡಕ್ಕೆ ನೀರು ಹಾಕೋಕೆ. ಆ ತಾಯಿನ ಅನುಮಾನಿಸಿದ್ರೆ ನಾಲಿಗೆ ಬಿದ್ಹೋಗುತ್ತೆ," ಎಂದ ಮಾಲೀಕ.

ಐಸಾಲ್ಕಿನ್ ಕೂಡ ಮುದುಕಿಯ ಪರ ನಿಂತಳು. "ಬಂದ ದಿನಾನೇ ನಮಗೆ ಒರುಲುಕ್ ಊಟ ಹಾಕಿದೋರು ಅವರು. ಲಾರಿಯಿಂದ ಪೆಟ್ಟಿಗೆ ಇಳಿಸೋ ಮೊದ್ಲೇ ಕೈ ಹಿಡಿದು ಕರ್ಕೊಂಡು ಹೋದ್ರು. ಕುರಿ ಮಾಂಸ ಬೆಣ್ಣೆ ಹಂಗೆ ಬೆಂದಿತ್ತು. ಈ ಊರಲ್ಲಿ ನನಗೂ ಒಬ್ರು ಇದಾರೆ ಅನ್ನಿಸಿ ಅಳು ಬಂತು."

ಹೊಸದಾಗಿ ಬಂದ ನೆರೆಯವರಿಗೆ ಮೊದಲ ಊಟ ಹಾಕುವುದು ನಮ್ಮಲ್ಲಿ ಯಾರೂ ತಪ್ಪಿಸುವುದಿಲ್ಲ. ಆದರೂ ಇನ್ಸ್‌ಪೆಕ್ಟರರ ಪೆನ್ನು ನಿಂತಿತು.

ಪಕ್ಕದ ಮನೆಯಲ್ಲಿ ಕಲ್‌ಬೂಬೂ ಚಹಾ ಬಗ್ಗಿಸಿ ರೊಟ್ಟಿ ಮುಂದಿಟ್ಟಳು. ತೊಕ್ತೊಸುನ್ ರೊಟ್ಟಿ ಮುಟ್ಟಲಿಲ್ಲ. ಮುರಿದು ಬಾಯಿಗಿಟ್ಟರೆ ಆಮೇಲೆ ಕೇಳಬೇಕಾದ್ದನ್ನು ಕೇಳಲು ಬಾಯಿ ಬರುವುದಿಲ್ಲ. ಮುದುಕಿ ಅದನ್ನು ಗಮನಿಸಿದಳು.

"ಅಪಾ, ಐಸಾಲ್ಕಿನ್ ಬರೋದು ನಿಮಗೆ ಯಾವಾಗ ಗೊತ್ತಾಯ್ತು?"

"ಲಾರಿ ಸದ್ದು ಕೇಳಿಸ್ತು, ಮಗಾ."

"ಕುರಿ ಮಾಂಸ ಬೇಯೋಕೆ ಎಷ್ಟು ಹೊತ್ತು ಬೇಕು?"

"ಮೂರು ಗಂಟೆನಾದ್ರೂ..."

"ಪೆಟ್ಟಿಗೆ ಇಳಿಯೋ ಮೊದ್ಲೇ ಬೆಂದಿತ್ತಂತೆ. ಅವಳು ಬರೋದು ಮಾಲೀಕನಿಗೇ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ದು ದಲ್ಲಾಳಿಗೊಬ್ಬನಿಗೇ."

ಮುದುಕಿ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. "ಎರ್ಕಿನ್ ಅಂತ ಯಾರೂ ಇಲ್ಲಪ್ಪಾ. ಅವನು ನನ್ನ ಮಗ ಮೆದೆರ್, ಬಜಾರಿನ ಹತ್ರ ಬೇರೆ ಕೋಣೆ ಮಾಡ್ಕೊಂಡಿದಾನೆ. ಬೀಗದ ಕೈ ಕೇಳ್ದ, ಕೊಟ್ಟೆ. ಯಾತಕ್ಕೆ ಅಂತ ಅವಳು ಬರೋ ಹಿಂದಿನ ದಿನ ರಾತ್ರಿ ಹೇಳ್ದ. ಹೆತ್ತ ಮಗನ್ನ ಹಿಡಿದುಕೊಡೋಕೆ ಮನಸ್ಸು ಬರ್ಲಿಲ್ಲ. ಮೋಸ ಹೋಗಿ ಬರ್ತಿರೋಳಿಗೆ ಒಂದು ಹೊತ್ತು ಊಟನಾದ್ರೂ ಹಾಕೋಣ ಅಂತ ಒಲೆ ಹಚ್ಚಿದೆ."

ಮರುದಿನ ಮೆದೆರ್‌ನನ್ನು ಬಜಾರಿನಲ್ಲಿ ಬಂಧಿಸಿದರು. ಚಹಾದಂಗಡಿಯವನು ಅವನನ್ನು ಗುರುತಿಸಿದ. ಹಣದಲ್ಲಿ ಹೆಚ್ಚಿನದು ಅವನ ಕೋಣೆಯಲ್ಲೇ ಸಿಕ್ಕಿತು. ಅದು ಕೋರ್ಟಿನಿಂದ ಬಿಡುಗಡೆಯಾದ ಮೇಲೆ ಬಾಡಿಗೆ ತೆಗೆದುಕೊಳ್ಳುತ್ತೇನೆಂದು ಮಾಲೀಕ ಬರೆದುಕೊಟ್ಟ. ಶುಕ್ರವಾರ ಐಸಾಲ್ಕಿನ್ ಮನೆ ಬಿಡಬೇಕಾಗಲಿಲ್ಲ.

"ಯಾಕೋ ಮಾಡ್ದೆ?" ಎಂದು ಕೇಳಿದರು ತೊಕ್ತೊಸುನ್.

ಮೆದೆರ್ ನಕ್ಕ. ಆ ನಗುವಿನಲ್ಲಿ ಖುಷಿಯಿರಲಿಲ್ಲ. "ಐದು ವರ್ಷದ ಹಿಂದೆ ಒಬ್ಬ ದಲ್ಲಾಳಿ ನಮ್ಮಮ್ಮನಿಗೂ ನನಗೂ ಹೀಗೇ ಟೋಪಿ ಹಾಕ್ದ. ಸಂಘಕ್ಕೆ ಹೋದೆ, ಗ್ರಾಹಕರ ಕಚೇರಿಗೆ ಹೋದೆ, ಇದೇ ಠಾಣೆಗೂ ಬಂದೆ. ಸಿವಿಲ್ ವ್ಯಾಜ್ಯ ಅಂದ್ರು. ಮಾಡಿದ್ರೆ ಇದೇ ಕೆಲಸ ಮಾಡ್ಬೇಕು, ಯಾರೂ ಹಿಡಿಯಲ್ಲ ಅಂತ ಆವತ್ತೇ ಅನ್ಕೊಂಡೆ."

ಇನ್ಸ್‌ಪೆಕ್ಟರ್ ಬಿಳಿ ಹಾಳೆಯೊಂದನ್ನು ಅವನ ಮುಂದಕ್ಕೆ ತಳ್ಳಿದರು.

"ಅವನ ಹೆಸರು ಬರಿ. ಎಲ್ಲಿ, ಯಾವಾಗ, ಎಲ್ಲಾ ಬರಿ."

"ಈಗ್ಲಾ? ಹೆಂಗೆ ಬರೀಲಿ?" ಅವನು ಬೇಡಿ ಹಾಕಿದ ಕೈಗಳನ್ನು ಎತ್ತಿ ತೋರಿಸಿದ.

"ಚಿನಾರಾ, ಇವನ ಬಲಗೈ ಬಿಚ್ಚು."

ಆ ಸಂಜೆ ಠಾಣೆಯಲ್ಲಿ ಇನ್ನೊಂದು ಎಫ್‌ಐಆರ್ ದಾಖಲಾಯಿತು. ದೂರುದಾರನ ಹೆಸರು ಮೆದೆರ್.