ನೀಲವ್ವನ ಕಾರಿನ ಗಾಳಿಚೀಲ

ಮಂದದಹನ ಯಂತ್ರ ಗುಂಯ್‌ಗುಡಲು ಶುರುಮಾಡಿ ಐದು ನಿಮಿಷವಾಗಿತ್ತು. ಗದಗಿನ ವಾಹನ ತಪಾಸಣಾ ಕೇಂದ್ರದ ಅಂಗಳದಲ್ಲಿ, ನಲವತ್ತೈದು ವರ್ಷ ಹಳೆಯ ಬಿಳಿ ಕಾರಿನ ಎಡಬಾಗಿಲಿನಿಂದ ಅದರ ಕೊಳವೆಯನ್ನು ಒಳಗೆ ತೂರಿಸಿ, ವಿಜ್ಞಾನಿ ಡಾ. ವಜ್ರಕುಮಾರ ಉಪಾಧ್ಯೆ ದೂರ ನಿಂತಿದ್ದರು.

"ಸರ್, ನಿಲ್ಲಸ್ರಿ! ಗಣಪ ಅಲ್ಲಾಡಾಕತ್ತಾನ!" ಎಂದು ಕಾರಿನ ಒಡತಿ ನೀಲವ್ವ ಹಡಪದ ಗಾಜಿನೊಳಗಿನ ಪುಟ್ಟ ಮೂರ್ತಿಯತ್ತ ಕೈತೋರಿ ಕೂಗಿದರು.

"ಗಾಬರಿಯಾಗಬೇಡಿ ತಾಯಿ. ಒಳಗೆ ಗಾಳಿಚೀಲ ನಿಧಾನವಾಗಿ ಉಬ್ಬುತ್ತಿದೆ, ಅಷ್ಟೇ."

ಅದು ೨೦೬೯ನೆಯ ಇಸವಿ. ಕಾರುಗಳು ತಾವೇ ಓಡುತ್ತಿದ್ದ ಆ ಕಾಲದಲ್ಲಿ, ಕೈಯಿಂದ ಕಾರು ಓಡಿಸುವುದನ್ನು ಕಲಿಸುತ್ತಿದ್ದವರು ಗದಗಿನಲ್ಲಿ ನೀಲವ್ವ ಒಬ್ಬರೇ. ಇದ್ದದ್ದು ಒಂದು ಕಾರು, ಮೂವರು ಶಿಷ್ಯೆಯರು. ಹಳೆಯ ಕಾರಿನಲ್ಲಿ ಓಡಿಸುವವರ ಮುಂದೆ ಒಂದು, ಎಡಗಡೆ ಕೂರುವವರ ಮುಂದೆ ಒಂದು ಗಾಳಿಚೀಲವಿರುತ್ತದೆ; ಈ ಕಾರಿನಲ್ಲಿ ಮೊದಲನೆಯದನ್ನು ಹಿಂದೆಯೇ ತೆಗೆಸಿಯಾಗಿತ್ತು, ಎಡಗಡೆಯದು ಉಳಿದಿತ್ತು. ಡಿಕ್ಕಿಯಾದಾಗ ಅದರ ಹಿಂದಿನ ಮದ್ದಿನ ಬಿಲ್ಲೆ ಕಣ್ಣು ಮಿಟುಕಿಸುವುದರೊಳಗೆ ಉರಿದು ಚೀಲವನ್ನು ಉಬ್ಬಿಸುತ್ತದೆ. ಆದರೆ ವರ್ಷಗಟ್ಟಲೆ ಬಿಸಿಲು, ತೇವ ಕುಡಿದ ಮದ್ದು ಕೆಟ್ಟು, ಲೋಹದ ಚೂರುಗಳ ಸಮೇತ ಸಿಡಿಯಬಹುದು. ಕಾಯಬೇಕಾದದ್ದೇ ಕೊಲ್ಲುತ್ತದೆ. ಅಂದು ಸಂಜೆ ಐದರೊಳಗೆ ಅದನ್ನು ತೆಗೆಸದಿದ್ದರೆ ನೀಲವ್ವನ ಕಾರು ಗುಜರಿಗೆ ಎಂದು ಆದೇಶವಾಗಿತ್ತು. ಕಾರು ಹೋದರೆ ಶಾಲೆಯೂ ಹೋದಂತೆಯೇ.

ಹಿಂದೆ ಮೆಕ್ಯಾನಿಕ್‌ಗಳು ಬ್ಯಾಟರಿ ಕಳಚಿ, ಒಂದಷ್ಟು ಹೊತ್ತು ಕಾದು, ಜೀವ ಕೈಯಲ್ಲಿ ಹಿಡಿದು ಇದನ್ನು ಬಿಚ್ಚುತ್ತಿದ್ದರು. ಉಪಾಧ್ಯೆಯವರ ಮಂದದಹನ ಯಂತ್ರಕ್ಕೆ ಅಷ್ಟು ಸಾಹಸ ಬೇಕಿಲ್ಲ. ಕ್ಷಣದಲ್ಲಿ ಉರಿಯುವ ಮದ್ದನ್ನು ಅದು ಅರ್ಧ ಗಂಟೆ ಹಿಡಿದು ಉರಿಸುತ್ತದೆ. ಮದ್ದು ಮುಗಿದ ಮೇಲೆ ಉಳಿಯುವುದು ಬರೀ ಡಬ್ಬಿ.

ತೊಡಕು ಬಂದದ್ದು ಗಣಪನಿಂದ. ಹೆಬ್ಬೆರಳುದ್ದದ ಆ ಹಿತ್ತಾಳೆ ಮೂರ್ತಿಯನ್ನು ನೀಲವ್ವನ ಮೊದಲ ಶಿಷ್ಯೆ ಮಾಬೂಬಿ ಲೈಸೆನ್ಸ್ ಸಿಕ್ಕ ದಿನ ತಂದು ಅಂಟಿಸಿದ್ದಳು, ಅದೂ ಸರಿಯಾಗಿ ಗಾಳಿಚೀಲದ ಮುಚ್ಚಳದ ಮೇಲೆ. ಬೆಳಗ್ಗೆಯಿಂದ ಉಪಾಧ್ಯೆಯವರು ಎಷ್ಟು ಹೇಳಿದರೂ ಅದನ್ನು ಕೀಳಲು ನೀಲವ್ವ ಒಪ್ಪಿರಲಿಲ್ಲ.

"ಅಕಿ ಕೂಡಿಸಿದ್ದನ್ನ ನಾ ಹ್ಯಾಂಗ ಕೀಳ್ಲಿ? ನಿಮ್ಮ ಮಷೀನು ಅಷ್ಟು ಶಾಣ್ಯಾ ಇದ್ರ, ಗಣಪನ್ನ ಕೂಡಿಸಿಕೊಂಡೇ ಕೆಲಸಾ ಮಾಡ್ಲಿ."

ಈಗ ಮುಚ್ಚಳದ ಕೊಂಡಿಗಳು ಒಂದೊಂದಾಗಿ ಜಾರಿದವು. ಬಾಣಲೆಯ ಪೂರಿಯಂತೆ ಚೀಲ ಉಬ್ಬಿತು, ಅದರ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಗಣಪ. ಗೇಣುದ್ದ ಮೇಲೇರಿ ಗಾಜಿನಾಚೆ ನಿಂತವರನ್ನೆಲ್ಲ ನೋಡತೊಡಗಿದ. ಶಿಷ್ಯೆಯರು ಚಪ್ಪಾಳೆ ತಟ್ಟಿದರು. ಎದುರಿನ ಚಹಾದಂಗಡಿಯಾತ ಕಾಯಿ ಹಿಡಿದು ಓಡಿಬಂದ. ಆದೇಶ ತಂದಿದ್ದ ಇನ್‌ಸ್ಪೆಕ್ಟರ್ ಬೂಟು ಬಿಚ್ಚಿ ಕೈಮುಗಿದ.

"ಇದು ಪವಾಡವಲ್ಲ, ಬರೀ ಅನಿಲ!" ಎಂದು ಉಪಾಧ್ಯೆ ಕೂಗಿದರು. ಕೇಳುವವರು ಯಾರು?

"ನಂಗೊತ್ತ ಐತ್ರಿ," ಎಂದರು ನೀಲವ್ವ, ಕಣ್ಣೊರೆಸಿಕೊಳ್ಳುತ್ತ. "ಆದ್ರ ಖುಷಿ ಆಗಾಕ ಪವಾಡನ ಬೇಕೇನ್ರಿ?"

ನಾಲ್ಕೂವರೆಗೆ ಚೀಲ, ಡಬ್ಬಿ ಹೊರಬಂದವು. ಮುಚ್ಚಳವನ್ನು ಗಣಪನ ಸಮೇತ ಮೊದಲಿನ ಜಾಗಕ್ಕೇ ಕೂರಿಸಲಾಯಿತು. ಪ್ರಮಾಣಪತ್ರಕ್ಕೆ ಸಹಿ ಬಿತ್ತು.

ಹಳೆಯ ಕಾರುಗಳ ಕಥೆ ಈ ಆದೇಶದೊಂದಿಗೆ ಮುಗಿಯಿತು ಎಂದು ಸಾರಿಗೆ ಇಲಾಖೆಯವರು ನಂಬಿದ್ದರು. ಆದದ್ದೇ ಬೇರೆ. ಗುಜರಿಯ ಭಯಕ್ಕೆ ತಾಡಪಾಲಿನಡಿ ಅಡಗಿಸಿಟ್ಟಿದ್ದ ಕಾರುಗಳು, ಯಂತ್ರದ ಸುದ್ದಿ ಹಬ್ಬಿದ್ದೇ ತಡ, ಒಂದೊಂದಾಗಿ ಹೊರಬಂದವು. ಅಜ್ಜನದೊಂದು, ಅತ್ತೆಯದೊಂದು, ತಿಂಗಳೊಳಗೆ ನಲವತ್ತೊಂದು! ಎಲ್ಲವನ್ನೂ ಎಳೆದುಕೊಂಡೇ ತಂದಿದ್ದರು, ಏಕೆಂದರೆ ಓಡಿಸಲು ಯಾರಿಗೂ ಬರುತ್ತಿರಲಿಲ್ಲ. ಗಾಳಿಚೀಲ ತೆಗೆಸಿದವರೆಲ್ಲ ನೀಲವ್ವನ ಮನೆಯ ಮುಂದೆ ಸಾಲುಗಟ್ಟಿದರು.

ಸಾಲಿನ ತುದಿಯಲ್ಲಿ ಉಪಾಧ್ಯೆಯವರೂ ನಿಂತಿದ್ದರು. "ನನಗೂ ಕಲಿಸುತ್ತೀರಾ?" ಎಂದರು, ಸಂಕೋಚದಿಂದ.

ನೀಲವ್ವ ಅವರನ್ನೇ ಮೊದಲು ಕರೆದು ಸ್ಟಿಯರಿಂಗ್ ಮುಂದೆ ಕೂರಿಸಿ, ತಾವು ಎಡಗಡೆ ಕುಳಿತರು. ಉಪಾಧ್ಯೆ ಸ್ಟಿಯರಿಂಗನ್ನು ಎರಡೂ ಕೈಯಿಂದ ಅವುಚಿಕೊಂಡು ಎಡಕ್ಕೆ ತಿರುಗಿ ನೋಡಿದರು.

"ತಾಯಿ, ನಿಮ್ಮ ಮುಂದೆ ಈಗ ಗಾಳಿಚೀಲವಿಲ್ಲ..."

"ತಗದವ್ರು ನೀವ ಅಲ್ರಿ? ಅದಕ್ಕ ನೆಟ್ಟಗ ಓಡಸ್ರಿ," ಎಂದು ನೀಲವ್ವ ಸೀಟಿನ ಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೊಂಡರು. "ಹೂಂ, ಕ್ಲಚ್ ಬಿಡ್ರಿ. ಸಾವಕಾಶ!"