ಅಲಮೇಲುವಿನ ತಪ್ಪಲೆಗಳು

೧೯೫೫ರಲ್ಲಿ, ಮದರಾಸಿನತ್ತ ಚಂಡಮಾರುತ ಬರುತ್ತಿದೆಯೆಂದು ಪತ್ರಿಕೆಯಲ್ಲಿ ಓದಿ, ಅಗ್ರಹಾರದ ನಮ್ಮ ಮನೆಯ ಹೆಂಚು ಕೈಯಾಡಿಸಿದೆವು.

“ಸೋರೋ ಕಡೆಗೆಲ್ಲ ಅಲಮೇಲು ತಪ್ಪಲೆ ಇಡ್ತಿದ್ದಳು. ನಿನಗೆಲ್ಲಿ ಗೊತ್ತಾಗ್ಬೇಕು ಕಣೇ, ಅಂಬುಜಾ!” ಎಂದರು ಅತ್ತೆ.

ಅಲಮೇಲು ನನ್ನವರ ತೀರಿಹೋದ ಮೊದಲ ಹೆಂಡತಿ. ಅವಳ ಹೆಸರು ಕೆತ್ತಿದ್ದ ಮೂರು ಹಿತ್ತಾಳೆ ತಪ್ಪಲೆಗಳನ್ನು ಅಂದೇ ಪಾತ್ರೆ ಅಂಗಡಿಗೆ ಕೊಟ್ಟು, ನನ್ನ ಹೆಸರು ಕೆತ್ತಿಸಿದ ಕೊಡ ತಂದೆ.

ಮರುದಿನ ಮಧ್ಯಾಹ್ನ ಗಾಳಿಮಳೆ ಹಿಡಿಯಿತು. ಹಠಕ್ಕೆ ನಡುಮನೆಯಲ್ಲಿ ಏನನ್ನೂ ಇಡದೆ ಅಡುಗೆಮನೆಯಲ್ಲಿ ಕುಳಿತೆ. ನಡುಮನೆಯಿಂದ ಹನಿಗಳು ಹಿತ್ತಾಳೆಯ ಮೇಲೆ ಬೀಳುವ ಸದ್ದು ಕೇಳಿಸಿತು. ಮೊದಲು ಟಣಟಣ, ಆಮೇಲೆ ಪಾತ್ರೆ ತುಂಬಿ ಚೆಲ್ಲುವ ಸದ್ದು.

ಎದ್ದು ಹೋಗಿ ನೋಡಿದರೆ ನೆಲವೆಲ್ಲ ನೀರು. ಅದರ ನಡುವೆ ತಪ್ಪಲೆಯ ತಳದಷ್ಟಗಲದ ಮೂರು ದುಂಡು ಜಾಗ ಮಾತ್ರ ಒಣಗಿದ್ದವು.

ಆಫೀಸಿನಿಂದ ಬಂದ ನನ್ನವರು ಆ ಮೂರು ಜಾಗಗಳನ್ನೂ ತುಳಿಯದೆ ಸುತ್ತಿಕೊಂಡು ನಡೆದು, “ಪರವಾಗಿಲ್ವೇ, ತಪ್ಪಲೆ ಸರಿಯಾದ ಜಾಗಕ್ಕೇ ಇಟ್ಟಿದ್ದೀಯ” ಎಂದು ಮೊದಲ ಬಾರಿ ನನ್ನನ್ನು ಹೊಗಳಿದರು.

ನಾನು ಅಲ್ಲವೆನ್ನಲಿಲ್ಲ.