ಕರುವಿನ ಕೊರಳಲ್ಲಿ ಒಲೆಯ ಮಣಿ

"ಈ ಮಣಿ ನಿಂಗೆಲ್ಲಿ ಸಿಕ್ತು?" ಎಂದು ಸಾಬಿರಾ ಕೇಳಿದಳು.

ಆ ದನಿಯಲ್ಲಿ ಒಂಚೂರು ಹೊಟ್ಟೆಕಿಚ್ಚು ಇರುತ್ತೆ ಅಂತ ಅರ್ಪಿತ ಕಾದಿದ್ದಳು. ಅದೇನೂ ಇರಲಿಲ್ಲ. ಸಾಬಿರಾಳ ಮುಖ ಯಾಕೋ ಬಿಗಿದುಕೊಂಡಿತ್ತು.

ಊಟದ ಬೆಲ್ ಹೊಡೆದಿತ್ತು. ಪಾಂಡವಪುರದ ಆ ಶಾಲೆಯ ಐದನೇ ಕ್ಲಾಸಿನವರೆಲ್ಲ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚಿ ಕೂತಿದ್ದರು. ಅರ್ಪಿತಳ ಅಂಗೈಯಲ್ಲಿ ಒಂದು ಬಿಳೀ ಪಿಂಗಾಣಿ ಮಣಿ ಇತ್ತು. ಕಡಲೆಕಾಳಿನಷ್ಟು ದಪ್ಪ, ನುಣ್ಣಗೆ, ನಡುವೆ ತೂತು.

"ನಮ್ ಗೌರಿ ನೆನ್ನೆ ಕರು ಹಾಕ್ತು ಕಣೇ. ಕರುಗೆ ಸರ ಮಾಡಿ ಕಟ್ದೆ. ಇದೊಂದು ಮಿಕ್ತು, ನೀನೇ ಇಟ್ಕೋ."

"ಅದಲ್ಲ, ಮಣಿ ಎಲ್ಲಿಂದ ತಂದೆ?"

"ನಮ್ಮನೆ ಕರೆಂಟ್ ಒಲೆ ಕೆಳಗಡೆ ಇತ್ತು. ಅಲ್ಲಿದ್ರೆ ಯಾರಿಗೆ ಕಾಣುತ್ತೆ ಹೇಳು?"

ಕರು ಅಂದರೆ ಕರು. ಹಣೆ ಮೇಲೆ ಬಿಳೀ ನಾಮ, ನಡುಗುವ ಕಾಲು. ನೋಡೋಕೆ ಬೀದಿಯವರೆಲ್ಲ ಬರುತ್ತಾರೆ, ದೃಷ್ಟಿ ಆಗುತ್ತೆ, ಕೊರಳಿಗೆ ಏನಾದರೂ ಕಟ್ಟಬೇಕು ಎಂದು ಬೆಳಿಗ್ಗೆ ಅಜ್ಜಿಯೇ ಹೇಳಿದ್ದಳು. ಅಜ್ಜಿ ಸಿದ್ದಲಿಂಗಮ್ಮ ಕೊಟ್ಟಿಗೆಯಲ್ಲಿದ್ದಾಗ ಅರ್ಪಿತ ಕರೆಂಟ್ ಒಲೆಯನ್ನು ಬೋರಲು ಹಾಕಿದಳು. ತಳದ ತಗಡು ಮೊದಲೇ ಸಡಿಲವಾಗಿತ್ತು. ಒಳಗೆ ನಟ್ಟು ಬೆರಳಲ್ಲೇ ಬಿಚ್ಚಿಬಂತು. ತಂತಿಯಿಂದ ಮಣಿಗಳನ್ನೆಲ್ಲ ಜಾರಿಸಿಕೊಂಡು, ತಂತಿಯ ತುದಿಯನ್ನು ಮೊದಲಿದ್ದ ಹಾಗೇ ಸುತ್ತಿ ಇಟ್ಟಳು. ಅವಳೇನು ದಡ್ಡಿಯಲ್ಲ. ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ, ಆದರೂ ಪ್ಲಗ್ ಕಿತ್ತೇ ಕೈ ಹಾಕಿದ್ದಳು. ಕೆಲಸ ಮುಗಿದ ಮೇಲೆ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದ್ದಳು ಕೂಡ.

ಸಾಬಿರಾ ಡಬ್ಬಿ ಮುಚ್ಚಿದಳು. ಅವಳ ಅಬ್ಬಾ ಅತಾವುಲ್ಲಾ ಪೇಟೆ ಬೀದಿಯಲ್ಲಿ ಒಲೆ, ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡುತ್ತಾರೆ. ಭಾನುವಾರ ಅಂಗಡಿಯಲ್ಲಿ ಕೂತು ಇಂಥ ಮಣಿ ಪೋಣಿಸಿಕೊಡುವುದು ಸಾಬಿರಾಳ ಕೆಲಸ.

"ಅರ್ಪಿತ, ಅದು ಅಂದಕ್ಕೆ ಹಾಕಿರೋದಲ್ಲ. ಒಲೆ ಮೇಲೆ ಬಿಳೀ ಪಿಂಗಾಣಿ ಬಿಲ್ಲೆ ಇರುತ್ತಲ್ಲ, ಅದರ ಗೆರೆಯೊಳಗೆ ಸುರುಳಿ ತಂತಿ, ಕಾಯಿಲ್, ಕೂತಿರುತ್ತೆ. ಬಿಲ್ಲೆ ಕರೆಂಟನ್ನ ಆಚೆ ಬಿಡಲ್ಲ. ಕಾಯಿಲ್ ತುದಿ ಕೆಳಗಿಳಿಯುತ್ತಲ್ಲ, ಅಲ್ಲಿ ಬಿಲ್ಲೆ ಇಲ್ಲ. ಅದಕ್ಕೇ ಮಣಿ. ಮಣಿ ಇಲ್ದಿದ್ರೆ ಬರೀ ತಂತಿ ಜೋತುಬಿದ್ದು ತಗಡಿಗೆ ತಾಗುತ್ತೆ."

"ತಾಗಿದ್ರೆ ಏನಾಯ್ತದೆ?"

"ಒಲೆಯೆಲ್ಲಾ ಕರೆಂಟ್ ಆಗುತ್ತೆ. ಮುಟ್ಟಿದೋರಿಗೆ ಹೊಡೆಯುತ್ತೆ."

ಅರ್ಪಿತಳ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಕಣ್ಣಿನ ಆಪರೇಷನ್ ಆದಮೇಲೆ ಅಜ್ಜಿಗೆ ಸೌದೆ ಒಲೆಯ ಹೊಗೆ ಆಗುವುದಿಲ್ಲ. ಅಡಿಗೆಯೆಲ್ಲ ಕರೆಂಟ್ ಒಲೆಯಲ್ಲೇ. ಒಲೆ ಹತ್ತಿದ ಕೂಡಲೇ ಅದರ ಕಬ್ಬಿಣದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ಎಳೆದುಕೊಳ್ಳುವುದು ಅವಳ ರೂಢಿ. ಕೈ ಒದ್ದೆ, ನೆಲ ಒದ್ದೆ, ಬರಿಗಾಲು. ಸಾಲದ್ದಕ್ಕೆ ಕಿವಿ ಬೇರೆ ಮಂದ.

ಹೊರಡುವಾಗ ಅಜ್ಜಿ ಹೇಳಿದ್ದು ಈಗ ನೆನಪಾಯಿತು. "ಕರೆಂಟ್ ಬರ್ಲಿ ಕಣಮ್ಮೀ, ಗಿಣ್ಣು ಮಾಡ್ತೀನಿ. ಸ್ವಿಚ್ ಹಾಕೇ ಮಡಗಿವ್ನಿ. ಒಲೆ ಕೆಂಪಗಾದ್ರೆ ನಂಗೇ ಗೊತ್ತಾಯ್ತದೆ."

ಅಪ್ಪ ಅಮ್ಮ ಕಬ್ಬು ಕಡಿಸಲು ಗದ್ದೆಗೆ ಹೋಗಿದ್ದರು. "ಮನೇಲಿ ಅಜ್ಜಿ ಒಬ್ಳೇ," ಎಂದಳು ಅರ್ಪಿತ.

"ನಾನು ಅಬ್ಬಾನ ಕರ್ಕೊಂಡ್ ಬರ್ತೀನಿ," ಎಂದು ಸಾಬಿರಾ ಎದ್ದಳು. "ನೀನು ಓಡು. ಅಜ್ಜಿಗೆ ಕರೆಂಟ್ ಹೊಡೆದಿದ್ರೆ ಅವರನ್ನ ಮುಟ್ಬೇಡ, ಒಲೆನೂ ಮುಟ್ಬೇಡ. ಮೊದಲು ಸ್ವಿಚ್ ಆರಿಸು."

ಗೇಟಿನ ಹತ್ತಿರ ಪುಟ್ಟಸ್ವಾಮಿ ಮೇಷ್ಟ್ರು ಎಲ್ಲಿಗಮ್ಮಾ ಎಂದು ಕೂಗಿದರು. ಉತ್ತರ ಕೊಡಲು ಅರ್ಪಿತ ಅಲ್ಲಿ ಇರಲಿಲ್ಲ.

ರಸ್ತೆ ತುಂಬ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಗಳು. ಎತ್ತುಗಳ ಪಕ್ಕದಲ್ಲೇ ನುಗ್ಗಿಕೊಂಡು ಓಡಿದಳು. ಗಾಡಿಯವನೊಬ್ಬ ಬೈದ. ಸೋಡಾ ಅಂಗಡಿಯ ಫ್ಯಾನ್ ತಿರುಗುತ್ತಿರಲಿಲ್ಲ. ಟೈಲರ್ ಅಂಗಡಿ ಒಳಗೆ ಕತ್ತಲೆ. ಕರೆಂಟ್ ಬಂದಿಲ್ಲ. ಬರಬೇಡ, ಬರಬೇಡ, ಇವತ್ತೊಂದಿನ ಬರಲೇಬೇಡ ಎಂದು ಬೇಡಿಕೊಳ್ಳುತ್ತ ಓಡಿದಳು. ದಿನಾ ಕರೆಂಟ್ ಹೋದರೆ ಲೈನ್‌ಮ್ಯಾನ್‌ಗೆ ಶಾಪ ಹಾಕುತ್ತಿದ್ದವಳು ಇವಳೇ.

ನಾಲೆಯ ಸೇತುವೆ ದಾಟುವಾಗ ಹವಾಯಿ ಚಪ್ಪಲಿಯ ಬಾರು ಕಿತ್ತಿತು. ನಿಲ್ಲುವ ಹೊತ್ತಲ್ಲ. ಅದನ್ನು ಕೈಯಲ್ಲಿ ಹಿಡಿದು ಒಂಟಿ ಚಪ್ಪಲಿಯಲ್ಲಿ ಓಡಿದಳು.

ಹಿಟ್ಟಿನ ಗಿರಣಿಯ ಮುಂದೆ ರಾಗಿ ಡಬ್ಬ ಇಟ್ಟುಕೊಂಡು ನಾಲ್ಕಾರು ಜನ ಹೆಂಗಸರು ಕಾಯುತ್ತ ಕೂತಿದ್ದರು. ಗಿರಣಿ ಮೌನವಾಗಿತ್ತು. ಅರ್ಪಿತಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಒಂದು ಕ್ಷಣ ಮೊಣಕಾಲು ಹಿಡಿದು ನಿಂತು ಉಸಿರು ಎಳೆದುಕೊಂಡಳು. ಇನ್ನು ಒಂದೇ ಬೀದಿ. ಮಾರಿಗುಡಿ ತಿರುವು ದಾಟಿದರೆ ಮನೆ.

ತಿರುವಿಗೆ ಬಂದಿದ್ದಳು. ಹಿಂದೆ ಗಿರಣಿ ಒಮ್ಮೆ ಗುರ್ರೆಂದು, ಟಕಟಕ ಶುರುವಾಯಿತು.

ಅರ್ಪಿತಳಿಗೆ ಅಳು ಬಂತು. ಕಾಲು ಮಾತ್ರ ನಿಲ್ಲಲಿಲ್ಲ. ಯಾರದೋ ಮನೆಯಲ್ಲಿ ಟೇಪ್ ರೆಕಾರ್ಡರ್ ಹಾಡತೊಡಗಿತು. ಬೀದಿಗೆ ಬೀದಿಯೇ ಖುಷಿಯಾಗಿ "ಬಂತು, ಬಂತು" ಅನ್ನುತ್ತಿತ್ತು. ಅಜ್ಜಿ ಈಗ ಎದ್ದಿರುತ್ತಾಳೆ. ಈಗ ಕೈ ತೊಳೆದಿರುತ್ತಾಳೆ. ಈಗ ಕೂತಿರುತ್ತಾಳೆ.

ಬಾಗಿಲು ತೆರೆದೇ ಇತ್ತು. ನಡುಮನೆ ದಾಟಿ ಅಡಿಗೆಮನೆ ಹೊಸ್ತಿಲಿಗೆ ಬಂದಳು.

ಅಜ್ಜಿ ಬಾಗಿಲಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಗಿಣ್ಣು ಹಾಲಿನ ಪಾತ್ರೆ, ಬೆಲ್ಲದ ಅಚ್ಚು. ಎದುರಿಗೆ ಒಲೆ. ಕಾಯಿಲ್ ಕೆಂಪಗೆ, ಚೆಂದವಾಗಿ ಉರಿಯುತ್ತಿತ್ತು.

"ಅಜ್ಜೀ, ಮುಟ್ಬೇಡ!"

ಅಜ್ಜಿಗೆ ಕೇಳಿಸಲಿಲ್ಲ. ಕೈಯನ್ನು ಸೆರಗಿಗೆ ಅರ್ಧಂಬರ್ಧ ಒರೆಸಿ, ಎರಡೂ ಕೈ ಮುಂದೆ ಚಾಚಿದಳು.

ಸ್ವಿಚ್ ಬೋರ್ಡು ಗೋಡೆಯ ಮೇಲೆ, ರಾಗಿ ಮೂಟೆಯ ಆಚೆ ಇತ್ತು. ಬೆವರು ಕೈಯಲ್ಲಿ ಮುಟ್ಟಿದರೆ ಅದೂ ಹೊಡೆದೀತು ಅನ್ನಿಸಿತು. ಅರ್ಪಿತ ಮೂಟೆ ಮೇಲೆ ಬಿದ್ದು, ಕೈಯಲ್ಲಿದ್ದ ಚಪ್ಪಲಿಯಿಂದ ಸ್ವಿಚ್ಚನ್ನು ಬಾರಿಸಿದಳು.

ಟಪ್.

ಕಾಯಿಲ್ ಮೆಲ್ಲಗೆ ಕಂದಿತು. ಅಜ್ಜಿಯ ಬೆರಳು ಅಂಚಿನಿಂದ ಗೇಣು ದೂರದಲ್ಲಿತ್ತು.

"ಅಯ್ಯೋ ಇವ್ರ ಕರೆಂಟ್ಗೆ, ಬಂದಂಗೇ ವೋಯ್ತಲ್ಲ," ಎಂದು ತಿರುಗಿದ ಅಜ್ಜಿಗೆ ಮೊದಲು ಕಂಡದ್ದು ಚಪ್ಪಲಿ. "ಅಡ್ಗೆ ಮನೆಗೆ ಎಕ್ಕಡ ತಂದ್ಯೇನಮ್ಮೀ? ಗಿಣ್ಣು ಮಡಗಿವ್ನಿ ಇಲ್ಲಿ. ಇಸ್ಕೂಲ್ ಬುಟ್ಟು ಯಾಕ್ ಬಂದೆ?"

ಅರ್ಪಿತ ಮೂಟೆಯಿಂದ ಜಾರಿ ಬಂದು ಅಜ್ಜಿಯ ಎರಡೂ ಕೈಗಳನ್ನು ಹಿಡಿದುಕೊಂಡು ಜೋರಾಗಿ ಅತ್ತಳು. ಕೈಗಳು ಒದ್ದೆಯಾಗಿದ್ದವು. ಅಜ್ಜಿ ಗಾಬರಿಯಾಗಿ, ಯಾರು ಹೊಡೆದರು, ಮೇಷ್ಟ್ರು ಹೊಡೆದರಾ ಎಂದು ಕೇಳುತ್ತಲೇ ಇದ್ದಳು.

ಅತಾವುಲ್ಲಾ ಸೈಕಲ್ಲನ್ನು ಜಗುಲಿಗೆ ಒರಗಿಸಿ ಬಂದರು. ಕ್ಯಾರಿಯರ್‌ನಿಂದ ಸಾಬಿರಾ ಇಳಿದಳು. ಅವರು ಎಲ್ಲರನ್ನೂ ದೂರ ನಿಲ್ಲಿಸಿ ಸ್ವಿಚ್ ಹಾಕಿದರು. ಆಮೇಲೆ ಒಲೆಯ ಅಂಚಿಗೆ ಟೆಸ್ಟರ್ ಇಟ್ಟರು.

ಟೆಸ್ಟರ್ ಒಳಗೆ ಪುಟ್ಟ ದೀಪ ಕೆಂಪಗೆ ಹತ್ತಿಕೊಂಡಿತು.

ಅದು ಅಜ್ಜಿ ದಿನಾ ಕೈ ಇಡುವ ಜಾಗ. ಇಟ್ಟೂ ಇಟ್ಟೂ ಅಲ್ಲಿ ಬಣ್ಣವೇ ಹೋಗಿ ತಗಡು ಹೊಳೆಯುತ್ತಿತ್ತು. ಅರ್ಪಿತ ಆ ದೀಪವನ್ನು ನೋಡಿದಳು.

ಅವಳು ಕೊಟ್ಟಿಗೆಗೆ ಹೋಗಿ ಕರುವಿನ ಕೊರಳಿಂದ ದಾರ ಬಿಚ್ಚಿಕೊಂಡು ಬಂದು ಅಜ್ಜಿಯ ಮುಂದೆ ಚಾಚಿದಳು. "ನಾನೇ ಬಿಚ್ಚಿದ್ದು," ಎಂದಳು. ಅಜ್ಜಿಗೆ ಕೇಳಲಿಲ್ಲ. ಕಿವಿಯ ಹತ್ತಿರ ಹೋಗಿ ಇನ್ನೊಮ್ಮೆ ಹೇಳಬೇಕಾಯಿತು. ಎರಡನೇ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಗಿತ್ತು.

ಅಜ್ಜಿ ಮಣಿ ನೋಡಿದಳು, ಒಲೆ ನೋಡಿದಳು, ತನ್ನ ಅಂಗೈ ನೋಡಿಕೊಂಡಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಅರ್ಪಿತಳಿಗೆ ಅನ್ನಿಸಿತು.

ಅತಾವುಲ್ಲಾ ಪ್ಲಗ್ ಕಿತ್ತು, ಒಲೆ ಬೋರಲು ಹಾಕಿ, ತಂತಿಗೆ ಮಣಿ ಪೋಣಿಸಿದರು. ಕೊನೆಯಲ್ಲಿ ಒಂದಂಗುಲದಷ್ಟು ತಂತಿ ಬರಿದಾಗಿ ಉಳಿಯಿತು. ಸಾಬಿರಾ ಮುಷ್ಟಿ ಬಿಚ್ಚಿ, ಹೊಂಗೆ ಮರದ ಕೆಳಗೆ ಅರ್ಪಿತ ಕೊಟ್ಟಿದ್ದ ಆ ಒಂದು ಮಣಿ ಕೊಟ್ಟಳು. ಮಿಕ್ಕಿದ್ದಕ್ಕೆ ಅವರು ಜೇಬಿನಿಂದ ಎರಡು ತೆಗೆದರು. ಕಳೆದುಹೋದ ಎರಡನ್ನು ಕರು ತಿಂದುಬಿಟ್ಟಿತೋ ಏನೋ, ಇವತ್ತಿಗೂ ಗೊತ್ತಿಲ್ಲ.

ಮತ್ತೆ ಸ್ವಿಚ್, ಮತ್ತೆ ಟೆಸ್ಟರ್. ದೀಪ ಹತ್ತಲಿಲ್ಲ.

"ಇನ್ನೇನೂ ಭಯ ಇಲ್ಲ ಅಜ್ಜೀ," ಎಂದು ಅತಾವುಲ್ಲಾ ಕೂಗಿ ಹೇಳಿದರು. "ಆದ್ರೂ ಒದ್ದೆ ಕೈ ಬೇಡ."

"ನಿಲ್ಲಪ್ಪ, ಗಿಣ್ಣು ತಿನ್ಕೊಂಡೇ ಓಗು. ಮಗೀಗೂ ಕೊಡ್ತೀನಿ," ಎಂದಳು ಅಜ್ಜಿ. ಸೆರಗಿನ ಅಂಚಿಂದ ಕಪ್ಪು ದಾರ ಒಂದೆಳೆ ಕಿತ್ತು ಅರ್ಪಿತಳ ಕೈಗಿಟ್ಟಳು. "ಇದ ಕಟ್ಟು ಕರುಗೆ. ಇಷ್ಟು ಸಾಕು ದೃಷ್ಟಿಗೆ."

ಆಮೇಲೆ ಅಜ್ಜಿ ಒಲೆಯ ಮುಂದೆ ಕೂತಳು. ಅರ್ಪಿತ ಊಟದ ಮಣೆಯನ್ನು ತಂದು ಅವಳ ಕಾಲ ಕೆಳಗೆ ತಳ್ಳಿದಳು. ಟವಲಿನಲ್ಲಿ ಅವಳ ಕೈಗಳನ್ನು ಬೆರಳು ಬೆರಳು ಬಿಡಿಸಿ ಒರೆಸಿದಳು. ಸ್ವಿಚ್ ಆರಿಸಿ, ಒಲೆಯನ್ನು ತಾನೇ ಅಜ್ಜಿಯ ಹತ್ತಿರಕ್ಕೆ ಎಳೆದು ಪಾತ್ರೆ ಇಟ್ಟಳು. ಮತ್ತೆ ಸ್ವಿಚ್ ಹಾಕಿ ಬಂದು ಅಜ್ಜಿಯ ಕೈ ಹಿಡಿದು ಕೂತಳು.

ಕಾಯಿಲ್ ಕೆಂಪಗಾಯಿತು. ಹಾಲು ಸುಂಯ್ ಅನ್ನತೊಡಗಿತು.

"ಕೈ ಬುಡಮ್ಮೀ, ಬೆಲ್ಲ ಕೆರೀಬೇಕು."

"ಇರಜ್ಜಿ," ಎಂದಳು ಅರ್ಪಿತ. "ಇನ್ನೊಸಿ ಹೊತ್ತು."